ಸುಟ್ಟ ನಾಲ್ಕು ನೋಟ್‌ಬುಕ್: ಬುಚಿ ಎಮೆಚೆಟಾ ಒಂದೇ ಕಾದಂಬರಿಯನ್ನು ಎರಡು ಸಲ ಬರೆದದ್ದು

ಮನೆಯೊಳಗೆ ಕಾಲಿಡುವಾಗಲೇ ಕಾಗದ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ಹೋಗಿ ನೋಡಿದರೆ ಗಂಡ ಒಲೆ ಮುಂದೆ ನಿಂತಿದ್ದಾನೆ. ಹಾಳೆಗಳನ್ನು ಬೆಂಕಿಗೆ ಹಾಕುತ್ತಿದ್ದಾನೆ. ಅದು ಅವಳು ಬರೆದ ಮೊದಲ ಕಾದಂಬರಿ. ಶಾಲೆ ಮಕ್ಕಳು ಬಳಸುತ್ತಾರಲ್ಲ, ಅಂಥ ನಾಲ್ಕು ನೋಟ್‌ಬುಕ್ ತುಂಬ ಬರೆದದ್ದು. ಯಾಕೆ ಸುಟ್ಟೆ ಅಂತ ಕೇಳಿದರೆ ಅವನು ಹೇಳುವುದು ಇಷ್ಟೇ: ಓದಿ ನೋಡಿದೆ, ಹೆಂಡತಿಗೆ ಇಂಥದ್ದು ಬರೆಯಲು ಬಿಟ್ಟೆ ಅಂತ ಗೊತ್ತಾದರೆ ನಮ್ಮ ಮನೆಯವರು ಸಹಿಸಲ್ಲ.

1974ರಲ್ಲಿ ಬಂದ 'ಸೆಕೆಂಡ್ ಕ್ಲಾಸ್ ಸಿಟಿಜನ್' ಕಾದಂಬರಿಯ ಕೊನೆಯ ಭಾಗದಲ್ಲಿ ಈ ದೃಶ್ಯ ಬರುತ್ತದೆ. ಅಲ್ಲಿ ಅವಳು ಅಡಾ, ಅವನು ಫ್ರಾನ್ಸಿಸ್. ಹೆಸರುಗಳಷ್ಟೇ ಬೇರೆ. ಇದು ನೈಜೀರಿಯಾದ ಲೇಖಕಿ ಬುಚಿ ಎಮೆಚೆಟಾ ಅವರ ಬದುಕಿನಲ್ಲೇ, 1960ರ ದಶಕದ ಲಂಡನ್ನಿನಲ್ಲಿ ನಡೆದದ್ದು. ಆಗ ಅವರಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಮನೆಯಲ್ಲಿ ನಾಲ್ಕು ಮಕ್ಕಳು. ಐದನೆಯದು ಹೊಟ್ಟೆಯಲ್ಲಿ.

ಸುಟ್ಟುಹೋದ ಆ ಕಾದಂಬರಿಯ ಹೆಸರು 'ದಿ ಬ್ರೈಡ್ ಪ್ರೈಸ್'. ಅದೇ ಹೆಸರಿನ ಪುಸ್ತಕ 1976ರಲ್ಲಿ ಅಚ್ಚಾಗಿ ಹೊರಬಂತು. ಇವೆರಡರ ನಡುವೆ ಹತ್ತು ವರ್ಷದ ಆಸುಪಾಸು ಇದೆ. ಆ ಹತ್ತು ವರ್ಷದಲ್ಲಿ ಏನಾಯಿತು ಅನ್ನುವುದೇ ಈ ಬರಹದ ವಿಷಯ. ಎಮೆಚೆಟಾ ಬಗ್ಗೆ ಮಾತು ಬಂದಾಗಲೆಲ್ಲ ಜನ "ಛಲಗಾತಿ" ಅಂದು ಮುಗಿಸಿಬಿಡುತ್ತಾರೆ. ಛಲ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಛಲ ಒಂದರಿಂದಲೇ ಸುಟ್ಟ ಪುಸ್ತಕ ವಾಪಸ್ ಬರುತ್ತಾ? ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕೆಲಸ, ಸಂಬಳ, ಬೆಳಗಿನ ಒಂದೆರಡು ಗಂಟೆ, ಬಾಗಿಲು ತೆರೆದ ಒಂದು ಪತ್ರಿಕೆ, ಇವೆಲ್ಲ ಕಾಣುತ್ತವೆ. ಇನ್ನೊಂದು ಸಂಗತಿಯೂ ಕಾಣುತ್ತದೆ. ಮರಳಿ ಬಂದ ಪುಸ್ತಕ, ಸುಟ್ಟುಹೋದ ಪುಸ್ತಕ ಒಂದೇ ಅಲ್ಲ.

ಬೆಳದಿಂಗಳು, ಎರಡು ಶಿಲ್ಲಿಂಗ್

ಎಮೆಚೆಟಾ ಹುಟ್ಟಿದ್ದು 1944ರ ಜುಲೈ 21ರಂದು, ಲಾಗೋಸ್‌ನಲ್ಲಿ. ಅಪ್ಪ ರೈಲ್ವೆಯಲ್ಲಿ ಕೆಲಸಕ್ಕಿದ್ದರು. ತಂದೆತಾಯಿ ಇಬ್ಬರೂ ಇಗ್ಬೊ ಜನ, ಇಬೂಸಾ ಎಂಬ ಊರಿನವರು. ದುಡಿಮೆಗೆ ಲಾಗೋಸ್, ಬೇರಿಗೆ ಇಬೂಸಾ. ಊರಿಗೆ ಹೋದಾಗ ಅಪ್ಪನ ಅಕ್ಕ ಬೆಳದಿಂಗಳಲ್ಲಿ ಕತೆ ಹೇಳುತ್ತಿದ್ದರು. ಮಕ್ಕಳು ಅವರನ್ನು 'ದೊಡ್ಡಮ್ಮ' ಅನ್ನುವ ಅರ್ಥದಲ್ಲೇ ಕರೆಯುತ್ತಿದ್ದರು. ಉಕ್ವಾ ಮರದ ಕೆಳಗೆ ಮಕ್ಕಳೆಲ್ಲ ಮಣ್ಣಲ್ಲೇ ಕೂತು ಕೇಳುವುದು. ಉಕ್ವಾ ಅಂದರೆ ನಮ್ಮ ಹಲಸಿನ ಕುಟುಂಬಕ್ಕೇ ಸೇರಿದ ಮರ. ದೊಡ್ಡವಳಾದ ಮೇಲೆ ತಾನೂ ಹೀಗೆ ಕತೆ ಹೇಳಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲಿಯೇ ಅಂತ ಎಮೆಚೆಟಾ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಮನೆಯಲ್ಲಿ ಮೊದಲು ಶಾಲೆಗೆ ಹೋದದ್ದು ತಮ್ಮ. ಹುಡುಗಿಗೆ ಯಾಕೆ ಅಷ್ಟೆಲ್ಲ ಓದು ಅನ್ನುವ ಲೆಕ್ಕ. ಹಟ ಮಾಡಿ ಇವರೂ ಹೋದರು. ಒಂಬತ್ತು ವರ್ಷಕ್ಕೆ ಅಪ್ಪ ತೀರಿಕೊಂಡರು. ಅಲ್ಲಿಯ ಪದ್ಧತಿಯಂತೆ ತಾಯಿ ಅಪ್ಪನ ಸೋದರನ ಮನೆ ಸೇರಿದರು. ಹುಡುಗಿ ಲಾಗೋಸ್‌ನಲ್ಲಿ ನೆಂಟರ ಮನೆಯಲ್ಲಿ ಉಳಿದಳು.

ಆಗಿನ ಒಂದು ಪ್ರಸಂಗವನ್ನು 'ಸೆಕೆಂಡ್ ಕ್ಲಾಸ್ ಸಿಟಿಜನ್'ನಲ್ಲಿ ಅಡಾ ಹೆಸರಲ್ಲಿ ಬರೆದಿದ್ದಾರೆ. ಹೈಸ್ಕೂಲು ಪ್ರವೇಶ ಪರೀಕ್ಷೆಗೆ ಫೀಸು ಕಟ್ಟಬೇಕು. ಮನೆಯಲ್ಲಿ ಕೇಳುವ ಹಾಗಿಲ್ಲ. ಮಾಂಸ ತರಲು ಕೊಟ್ಟ ಎರಡು ಶಿಲ್ಲಿಂಗನ್ನು ಅಡಾ ಬಚ್ಚಿಟ್ಟು, ದುಡ್ಡು ಕಳೆದುಹೋಯಿತು ಅನ್ನುತ್ತಾಳೆ. ನೆಂಟರ ಹುಡುಗ ಚಾಟಿ ತೆಗೆದುಕೊಂಡು ಹೊಡೆಯುತ್ತಾನೆ. ನೂರರ ಮೇಲೆ ಏಟು. ಅಡಾ ಬಾಯಿ ಬಿಡುವುದಿಲ್ಲ. ಪರೀಕ್ಷೆ ಬರೆಯುತ್ತಾಳೆ, ವಿದ್ಯಾರ್ಥಿವೇತನ ಗಳಿಸುತ್ತಾಳೆ. ಎಮೆಚೆಟಾ ಕೂಡ ಹೀಗೇ ವಿದ್ಯಾರ್ಥಿವೇತನ ಪಡೆದು ಲಾಗೋಸ್‌ನ ಮೆಥಡಿಸ್ಟ್ ಗರ್ಲ್ಸ್ ಹೈಸ್ಕೂಲು ಸೇರಿದವರು. ಅಲ್ಲಿ ಒಂದು ದಿನ ತರಗತಿಯಲ್ಲಿ ನಾನು ಲೇಖಕಿ ಆಗಬೇಕು ಅಂದುಬಿಟ್ಟರು. ಟೀಚರಿಗೆ ಅದು ಅಹಂಕಾರದ ಮಾತಾಗಿ ಕಂಡಿತು. ಚಾಪೆಲ್‌ಗೆ ಹೋಗಿ ದೇವರಲ್ಲಿ ಕ್ಷಮೆ ಕೇಳು ಅಂತ ಹೊರಗೆ ಕಳಿಸಿದರು.

ಹನ್ನೊಂದನೇ ವಯಸ್ಸಿಗೆ ಮದುವೆ ನಿಶ್ಚಯವಾಗಿತ್ತು. ಹದಿನಾರಕ್ಕೆ ಮದುವೆ. ಗಂಡ ಸಿಲ್ವೆಸ್ಟರ್ ಓನ್ವೋರ್ಡಿ ಓದಲು ಲಂಡನ್ನಿಗೆ ಹೋದರು. 1962ರಲ್ಲಿ ಇವರೂ ಎರಡು ಕೂಸುಗಳನ್ನು ಕಟ್ಟಿಕೊಂಡು ಹಿಂದೆ ಹೋದರು.

ಲಂಡನ್ನಿನಲ್ಲಿ

ಲಂಡನ್ನಿನ ಮೊದಲ ವರ್ಷಗಳು ಹೇಗಿದ್ದವು ಅಂತ ತಿಳಿಯಬೇಕಾದರೆ ಕಾದಂಬರಿಯನ್ನೇ ಓದಬೇಕು, ಸಾರಾಂಶ ಸಾಲದು. ಕರಿಯರಿಗೆ ಮನೆ ಇಲ್ಲ ಅನ್ನುವ ಬೋರ್ಡು. ಒಂದೇ ಕೋಣೆಯಲ್ಲಿ ಇಡೀ ಸಂಸಾರ. ದುಡಿಯುವವಳು ಅವಳು, ಪರೀಕ್ಷೆಯಲ್ಲಿ ಫೇಲಾಗುತ್ತ ಮನೆಯಲ್ಲಿ ಕೂರುವವನು ಅವನು. ಮೇಲಿಂದ ಮೇಲೆ ಬಸಿರು. ಇನ್ನು ಮಕ್ಕಳು ಬೇಡ ಅಂತ ಅಡಾ ಕುಟುಂಬ ಯೋಜನೆಯ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಗಂಡನ ಸಹಿ ಕೇಳುತ್ತಾರೆ. ಅವನ ಸಹಿಯನ್ನು ತಾನೇ ಹಾಕಿಕೊಳ್ಳುತ್ತಾಳೆ. ಅವನಿಗೆ ಗೊತ್ತಾದ ಮೇಲೆ ಏಟು. ಅವಳ ದೇಹದ ಬಗ್ಗೆ ತೀರ್ಮಾನ ಮಾಡಲೂ ಅವನ ಸಹಿ ಬೇಕು, ಅವಳ ಕತೆ ಉಳಿಯಬೇಕಾದರೂ ಅವನ ಒಪ್ಪಿಗೆ ಬೇಕು. ಆ ಎರಡು ಪ್ರಸಂಗಗಳನ್ನು ನಾನು ಯಾವತ್ತೂ ಜೊತೆಯಾಗಿಯೇ ಓದುತ್ತೇನೆ.

ಈ ಕತ್ತಲೆಯಲ್ಲಿ ಅವರಿಗೆ ಇದ್ದ ಒಂದು ಕಿಟಕಿ ಲೈಬ್ರರಿ. ಅಡಾ ಕೆಲಸ ಮಾಡುವುದು ಉತ್ತರ ಲಂಡನ್ನಿನ ಚಾಕ್ ಫಾರ್ಮ್ ಲೈಬ್ರರಿಯಲ್ಲಿ. ಎಮೆಚೆಟಾ ಕೂಡ ಲೈಬ್ರರಿಗಳಲ್ಲೇ ದುಡಿದವರು. 1965ರಿಂದ 1969ರವರೆಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಲೈಬ್ರರಿ ಅಧಿಕಾರಿಯಾಗಿದ್ದರು. ಲೈಬ್ರರಿ ಕೆಲಸ ಅಂದರೆ ಸಂಬಳ ಬರುತ್ತದೆ, ಅದು ಒಂದು. ಅದಕ್ಕಿಂತ ಜಾಸ್ತಿ, ಅಲ್ಲಿ ಪುಸ್ತಕದ ಮಾತಾಡುವ ಜನ ಇರುತ್ತಾರೆ. ಕಾದಂಬರಿಯಲ್ಲಿ ಅಡಾ ತನ್ನ ನೋಟ್‌ಬುಕ್‌ಗಳನ್ನು ಮೊದಲು ತೋರಿಸುವುದು ಲೈಬ್ರರಿಯ ಗೆಳೆಯರಿಗೆ. ಓದಿದ ಒಬ್ಬ, ಇದು ನಿನ್ನ ತಲೆಯಲ್ಲಿ ಹುಟ್ಟಿದ ಕೂಸು ಅನ್ನುತ್ತಾನೆ. ಟೈಪ್ ಮಾಡಿಸು, ಅಚ್ಚಿಗೆ ಕಳಿಸು ಅಂತಾರೆ.

ಆ ಖುಷಿಯಲ್ಲಿ ಅವಳು ಮನೆಗೆ ಬಂದು ಗಂಡನಿಗೆ ಹೇಳುತ್ತಾಳೆ. ನೀನು ಹೆಂಗಸು, ಅದರಲ್ಲೂ ಕರಿಯಳು, ನೆನಪಿಟ್ಟುಕೋ ಅನ್ನುವ ಧಾಟಿಯಲ್ಲಿ ಅವನು ಮಾತಾಡುತ್ತಾನೆ. ಅಷ್ಟಾದರೂ ಅವಳಿಗೆ ಅವನು ಓದಬೇಕು ಅಂತಲೇ ಆಸೆ. ಓದಿದ ದಿನವೇ ಬೆಂಕಿ.

ತಲೆಯಲ್ಲಿ ಹುಟ್ಟಿದ ಕೂಸು ಅನ್ನುವ ಆ ಮಾತು ಇಲ್ಲಿ ಮತ್ತೆ ಬರುತ್ತದೆ. ಈ ಮನುಷ್ಯ ನನ್ನ ಕೂಸನ್ನು ಕೊಂದ ಅಂತ ಅಡಾಗೆ ಅನ್ನಿಸುತ್ತದೆ. ಏಟು ತಿಂದಾಗ ಬಿಟ್ಟು ಹೋಗದವಳು ಈಗ ಬಿಟ್ಟು ಹೋಗುತ್ತಾಳೆ. ಏಟಿಗಿಂತ ಹಾಳೆ ಮುಖ್ಯವಾಯಿತಾ ಅಂತ ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಎರಡನೇ ಓದಿಗೆ ಅರ್ಥವಾಯಿತು. ಸಂಬಳ, ಅಡುಗೆ, ಮಕ್ಕಳು, ದೇಹ, ಎಲ್ಲದರಲ್ಲೂ ಅವನ ಪಾಲಿತ್ತು. ಅವಳದ್ದೇ ಅಂತ ಇದ್ದದ್ದು ಆ ನಾಲ್ಕು ನೋಟ್‌ಬುಕ್ ಮಾತ್ರ.

ಇಪ್ಪತ್ತೆರಡನೇ ವಯಸ್ಸಿಗೆ ಎಮೆಚೆಟಾ ಗಂಡನ ಮನೆ ಬಿಟ್ಟರು. ಕಾದಂಬರಿಯ ಕೋರ್ಟಿನ ದೃಶ್ಯದಲ್ಲಿ ಗಂಡ ಮದುವೆಯೇ ಆಗಿಲ್ಲ ಅನ್ನುತ್ತಾನೆ. ಮದುವೆ ಪತ್ರವನ್ನೂ ಸುಟ್ಟಾಗಿದೆ. ಮಕ್ಕಳನ್ನು ಯಾರಿಗಾದರೂ ದತ್ತು ಕೊಡಲಿ ಅನ್ನುತ್ತಾನೆ. ಅಡಾ ಮಕ್ಕಳೆಲ್ಲ ನನ್ನವೇ ಅಂದು ಹೊರಗೆ ಬರುತ್ತಾಳೆ.

ಬೆಂಕಿಯ ನಂತರ

ಈಗ ಪ್ರಶ್ನೆ. ಐದು ಪುಟ್ಟ ಮಕ್ಕಳು, ಪರದೇಶ, ಚಳಿ, ಒಂಟಿ ಹೆಂಗಸು. ಇಂಥವರು ಮತ್ತೆ ಪೆನ್ನು ಹಿಡಿಯುವುದು ಹೇಗೆ?

ಮೊದಲಿಗೆ, ಅವರು ಸುಟ್ಟ ಕಾದಂಬರಿಯನ್ನು ತಕ್ಷಣ ಮತ್ತೆ ಬರೆಯಲು ಕೂರಲಿಲ್ಲ. ಎದುರಿಗೆ ಇದ್ದದ್ದನ್ನು ಬರೆದರು. ಕೌನ್ಸಿಲ್ ಅಂದರೆ ನಗರಾಡಳಿತದ ಕಟ್ಟಡದ ಹಳೇ ಫ್ಲ್ಯಾಟು, ಮೆಟ್ಟಿಲ ಮೇಲಿನ ಕಸ, ಸರ್ಕಾರದ ನೆರವಿನ ದುಡ್ಡಿಗೆ ಕ್ಯೂ ನಿಲ್ಲುವುದು, ಅದೇ ಕಟ್ಟಡದ ಬಿಳಿಯ ಬಡ ತಾಯಂದಿರ ಜೊತೆ ಬೆಳೆದ ಸ್ನೇಹ. ಗಂಡ ಇಲ್ಲದ ಸಂಸಾರಗಳು, ಸಾಲದ ದುಡ್ಡು, ಮಕ್ಕಳ ಶೂ, ಇವೇ ಅಲ್ಲಿಯ ಮಾತು. ಆ ಹೆಂಗಸರ ನಡುವೆ ಬಣ್ಣದ ಗೋಡೆ ನಿಧಾನಕ್ಕೆ ಕರಗುವುದನ್ನು ಅವರು ತೋರಿಸಿದ್ದಾರೆ. ನನಗೆ ಅವರ ಬರವಣಿಗೆಯಲ್ಲಿ ತುಂಬ ಇಷ್ಟವಾಗುವ ಪುಟಗಳು ಇವು. ಇಂಥ ಬರಹಗಳನ್ನು ಅವರು 'ನ್ಯೂ ಸ್ಟೇಟ್ಸ್‌ಮನ್' ವಾರಪತ್ರಿಕೆಗೆ ಕಳಿಸುತ್ತ ಹೋದರು. ಕೊನೆಗೆ ಪತ್ರಿಕೆ ಅಂಕಣವಾಗಿ ಹಾಕಿತು. ಅದೇ ಬರಹಗಳಿಂದ 1972ರಲ್ಲಿ 'ಇನ್ ದ ಡಿಚ್' ಎಂಬ ಮೊದಲ ಪುಸ್ತಕ ಬಂತು. ಡಿಚ್ ಅಂದರೆ ಚರಂಡಿ, ಹಳ್ಳ. ಬದುಕು ಬಿದ್ದ ಜಾಗದ ಹೆಸರನ್ನೇ ಪುಸ್ತಕಕ್ಕೆ ಇಟ್ಟರು.

ಎರಡನೆಯದು, ಹೊತ್ತು. ಮಕ್ಕಳು ಏಳುವ ಮೊದಲು ನಸುಕಿನಲ್ಲಿ ಎದ್ದು ಬರೆಯುತ್ತಿದ್ದರು. ಹಗಲು ಕೆಲಸ, ಜೊತೆಗೆ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಓದು. 1970ರ ದಶಕದ ಮೊದಲ ವರ್ಷಗಳಲ್ಲಿ ಪದವಿಯೂ ಆಯಿತು. ಮನೆ ನಿಶ್ಶಬ್ದವಾಗಿದ್ದಾಗ ಮಾತ್ರ ಬರೆಯುತ್ತೇನೆ ಅಂದಿದ್ದರೆ ಒಂದು ಪುಸ್ತಕವೂ ಬರುತ್ತಿರಲಿಲ್ಲ. 'ಸೆಕೆಂಡ್ ಕ್ಲಾಸ್ ಸಿಟಿಜನ್' ತೆರೆದರೆ ಮೊದಲು ಸಿಗುವುದು ಅರ್ಪಣೆ. ಐದೂ ಮಕ್ಕಳ ಹೆಸರು ಬರೆದು, ಹಿನ್ನೆಲೆಯಲ್ಲಿ ಇವರ ಸಿಹಿಯಾದ ಗಲಾಟೆ ಇಲ್ಲದಿದ್ದರೆ ಈ ಪುಸ್ತಕ ಆಗುತ್ತಲೇ ಇರಲಿಲ್ಲ ಅಂದಿದ್ದಾರೆ. ಇದು ಸುಮ್ನೆ ಮುದ್ದಿನ ಮಾತು ಅಂತ ನನಗನ್ನಿಸಲ್ಲ. ಮಕ್ಕಳನ್ನು ಅಡ್ಡಿ ಅಂತ ಲೆಕ್ಕ ಹಾಕದೆ, ಆ ಸದ್ದಿನೊಳಗೇ ಬರೆಯುವುದನ್ನು ಕಲಿತವರು ಹೇಳಿದ ಮಾತು ಅದು.

ಮೂರನೆಯದು, ಪ್ರಕಾಶನ. ಎರಡನೇ ಪುಸ್ತಕದ ಹೊತ್ತಿಗೆ ಅವರಿಗೆ ಆಲಿಸನ್ ಅಂಡ್ ಬಸ್ಬಿ ಸಂಸ್ಥೆ ಸಿಕ್ಕಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಘಾನಾದಲ್ಲಿ ಹುಟ್ಟಿದ ಮಾರ್ಗರೆಟ್ ಬಸ್ಬಿ. ಅವರೇ ಎಮೆಚೆಟಾ ಅವರ ಸಂಪಾದಕಿಯಾದರು. ಆಫ್ರಿಕಾದ ಹೆಣ್ಣುಮಗಳ ಹಸ್ತಪ್ರತಿಯನ್ನು ಆಫ್ರಿಕಾದಲ್ಲೇ ಹುಟ್ಟಿದ ಇನ್ನೊಬ್ಬ ಹೆಣ್ಣುಮಗಳು ಓದುವುದು ಆಗಿನ ಲಂಡನ್ನಿನಲ್ಲಿ ಎಷ್ಟು ಅಪರೂಪ! ಮನೆಯಲ್ಲಿ ಹಸ್ತಪ್ರತಿ ಓದಿದವರು ಸುಟ್ಟರು, ಇಲ್ಲಿ ಓದಿದವರು ಅಚ್ಚು ಹಾಕಿದರು.

ಮರಳಿ ಬಂದದ್ದು ಬೇರೆ ಪುಸ್ತಕ

ಹೀಗೆ ಎರಡು ಪುಸ್ತಕ ಆದ ಮೇಲೆ ಅವರು ಸುಟ್ಟ ಕಾದಂಬರಿಗೆ ಮರಳಿದರು. 'ಬ್ರೈಡ್ ಪ್ರೈಸ್' ಅಂದರೆ ಕನ್ನಡದಲ್ಲಿ 'ತೆರ'. ಹೆಣ್ಣು ಕೊಟ್ಟವರಿಗೆ ಗಂಡಿನ ಕಡೆಯವರು ಕೊಡುವ ದುಡ್ಡು. ನಮ್ಮಲ್ಲೂ ಎಷ್ಟೋ ಸಮುದಾಯಗಳಲ್ಲಿ ತೆರ ಇತ್ತು. ಹಾಗಾಗಿ ಕನ್ನಡದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ಕತೆಯ ಹುಡುಗಿ ಅಕು-ನ್ನಾ. ಆ ಹೆಸರಿನ ಅರ್ಥ 'ಅಪ್ಪನ ಸಂಪತ್ತು'. ಮಗಳು ಹುಟ್ಟಿದಾಗ ಅಪ್ಪ ಆ ಹೆಸರು ಇಟ್ಟದ್ದೇ, ಮುಂದೆ ಇವಳಿಂದ ತೆರ ಆದರೂ ಬರುತ್ತದಲ್ಲ ಅಂತ. ಅಪ್ಪ ಲಾಗೋಸ್‌ನಲ್ಲಿ ರೈಲ್ವೆ ಕೆಲಸದವನು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಕಾಲಿಗೆ ಆದ ಗಾಯ ಕೆರಳಿ ಸಾಯುತ್ತಾನೆ. ತಾಯಿ ಇಬೂಸಾದಲ್ಲಿ ಗಂಡನ ಸೋದರನ ಮನೆ ಸೇರುತ್ತಾಳೆ. ಅಲ್ಲಿ ಅಕು-ನ್ನಾಗೆ ಶಾಲೆಯ ಮೇಷ್ಟ್ರು ಚಿಕೆ ಮೇಲೆ ಪ್ರೀತಿ ಹುಟ್ಟುತ್ತದೆ. ಅವನು ಗುಲಾಮರ ವಂಶದವನು. ಓದಿದ್ದರೂ, ದುಡ್ಡಿದ್ದರೂ ಊರಿನವರ ಕಣ್ಣಿಗೆ ಆ ಮನೆ ಕೀಳು. ಇಬ್ಬರೂ ಓಡಿಹೋಗಿ ಮದುವೆಯಾಗುತ್ತಾರೆ. ಚಿಕೆಯ ಅಪ್ಪ ಎಷ್ಟು ತೆರ ಕೊಡಲು ಬಂದರೂ ಅಕು-ನ್ನಾಳ ಅಪ್ಪನ ಆ ಸೋದರ ಮುಟ್ಟುವುದಿಲ್ಲ. ತೆರ ಸಲ್ಲದ ಹೆಣ್ಣು ಮೊದಲ ಹೆರಿಗೆಯಲ್ಲಿ ಸಾಯುತ್ತಾಳೆ ಅಂತ ಅಲ್ಲಿಯ ನಂಬಿಕೆ. ಅಕು-ನ್ನಾ ಸಾಯುತ್ತಾಳೆ. ಕೂಸು ಉಳಿಯುತ್ತದೆ.

ಅಚ್ಚಾಗಿ ಬಂದ ಪುಸ್ತಕದಲ್ಲಿ ಹೀಗಿದೆ. ಸುಟ್ಟ ಪ್ರತಿಯಲ್ಲಿ ಹೀಗಿರಲಿಲ್ಲ. ಎಮೆಚೆಟಾ 1986ರಲ್ಲಿ ಬರೆದ ಆತ್ಮಕತೆ 'ಹೆಡ್ ಅಬವ್ ವಾಟರ್'ನಲ್ಲಿ ಅದನ್ನು ಹೇಳಿದ್ದಾರೆ. ಮೊದಲ ಪ್ರತಿಯಲ್ಲಿ ಆ ಜೋಡಿ ಚೆನ್ನಾಗಿ ಬಾಳಿ, ಏಳಿಗೆಯಾಗಿ, ಊರಿಗೆ ಮರಳಿ ಮನೆಯವರ ಜೊತೆ ರಾಜಿಯಾಗುತ್ತದೆ. ಎರಡನೇ ಸಲ ಬರೆಯುವಾಗ ಆ ಮುಕ್ತಾಯ ನಿಲ್ಲಲಿಲ್ಲ. ತಾನು ಸಾಯಬೇಕಿದ್ದ ಸಾವನ್ನು ಅಕು-ನ್ನಾ ಸತ್ತಳು ಅನ್ನುವ ಅರ್ಥದ ಮಾತನ್ನು ಅಲ್ಲಿ ಬರೆದಿದ್ದಾರೆ. ಮೊದಲ ಹೆರಿಗೆಯಲ್ಲಿ ರಕ್ತಹೀನತೆಯಿಂದ ಬಳಲಿ, ದಿನಗಟ್ಟಲೆ ನೋವು ತಿಂದು, ಅವರೂ ಸಾವಿನ ಬಾಗಿಲು ನೋಡಿ ಬಂದವರೇ.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದು. ಮೊದಲ ಪ್ರತಿ ಬರೆದವರು ಮದುವೆಯೊಳಗೆ ಇದ್ದ ಹುಡುಗಿ. ಮನೆಯವರ ಮಾತು ಮೀರಿದರೂ ಒಂದು ದಿನ ಎಲ್ಲ ಸರಿಹೋಗುತ್ತದೆ ಅಂತ ನಂಬಿದ್ದವರು. ಆ ನಂಬಿಕೆ ಇದ್ದದ್ದಕ್ಕೇ ಹಸ್ತಪ್ರತಿಯನ್ನು ಗಂಡನ ಕೈಗೂ ಕೊಟ್ಟರು. ಎರಡನೇ ಪ್ರತಿ ಬರೆದವರಿಗೆ ಬೆಂಕಿಯೂ ಗೊತ್ತು, ಕೋರ್ಟೂ ಗೊತ್ತು, ಡಿಚ್ಚೂ ಗೊತ್ತು. ಗುಂಪನ್ನು ಬಿಟ್ಟು ಬಂದ ಹೆಣ್ಣಿಗೆ ಗುಂಪು ಎಷ್ಟು ದೂರದಿಂದಲೂ ಕೈ ಚಾಚಬಲ್ಲದು ಅಂತ ಗೊತ್ತು. ಹಾಗಂತ ಅಪ್ಪಟ ಕಹಿಯನ್ನೂ ಬರೆಯಲಿಲ್ಲ. ಚಿಕೆಯನ್ನು ಒಳ್ಳೆಯ ಗಂಡನನ್ನಾಗಿಯೇ ಉಳಿಸಿದರು. ಅವನ ಅಪ್ಪನನ್ನೂ ದೊಡ್ಡ ಮನಸ್ಸಿನವನಾಗಿ ಬಿಟ್ಟರು. ಗಂಡಸರ ಮೇಲೆ ಸೇಡು ತೀರಿಸಿಕೊಳ್ಳಲು ಎಲ್ಲ ಕಾರಣ ಇದ್ದವರು ಮಾಡಿದ ಆಯ್ಕೆ ಇದು. ಬೆಂಕಿಯಿಂದ ಒಳ್ಳೆಯ ಪುಸ್ತಕ ಹುಟ್ಟಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಒಂದು ಪುಸ್ತಕ ಸತ್ತಿತು, ಇನ್ನೊಂದು ಪುಸ್ತಕ ಹುಟ್ಟಿತು. ಇಪ್ಪತ್ತರ ಹರೆಯದ ಒಬ್ಬ ಹುಡುಗಿ ಕಂಡ ಸುಖಾಂತ್ಯ ಹೇಗಿತ್ತು ಅಂತ ಓದುವ ಅವಕಾಶ ನಮಗೆ ತಪ್ಪಿಯೇ ಹೋಯಿತು.

ತಾಯಿಯ ಕತೆ, ತಾಯ್ತನದ ಕತೆ

ಆಮೇಲೆ ಬರವಣಿಗೆ ನಿಲ್ಲಲಿಲ್ಲ. 1977ರಲ್ಲಿ 'ದ ಸ್ಲೇವ್ ಗರ್ಲ್' ಬಂತು. ಇದಕ್ಕೆ ಬೇರು ಅವರ ತಾಯಿಯ ಬದುಕಿನಲ್ಲಿದೆ. ಅಪ್ಪ ಅಮ್ಮ ಇಲ್ಲದ ಆ ತಾಯಿಯನ್ನು ಎಳೆಯ ವಯಸ್ಸಿನಲ್ಲಿ ಸ್ವಂತ ಅಣ್ಣನೇ ಮಾರಿದ್ದ. ಯಾಕೆ ಗೊತ್ತಾ? ಪ್ರಾಯಕ್ಕೆ ಬಂದ ಹುಡುಗರ ಕುಣಿತಕ್ಕೆ ರೇಷ್ಮೆಯ ತಲೆವಸ್ತ್ರ ಕೊಳ್ಳಲು ದುಡ್ಡು ಬೇಕಿತ್ತು. ರೇಷ್ಮೆ ತುಂಡಿಗೆ ಮಾರಾಟವಾದ ಹುಡುಗಿಯ ಮಗಳು ಅದನ್ನು ಕಾದಂಬರಿ ಮಾಡಿದರು. 1978ರಲ್ಲಿ ಅದಕ್ಕೆ ಜಾಕ್ ಕ್ಯಾಂಪ್‌ಬೆಲ್ ಪ್ರಶಸ್ತಿ ಬಂತು. ಕೊಟ್ಟದ್ದು ಅದೇ 'ನ್ಯೂ ಸ್ಟೇಟ್ಸ್‌ಮನ್', ಅವರ ಬರಹಕ್ಕೆ ಮೊದಲು ಬಾಗಿಲು ತೆರೆದ ಪತ್ರಿಕೆ.

1979ರ 'ದ ಜಾಯ್ಸ್ ಆಫ್ ಮದರ್‌ಹುಡ್' ಅವರ ಅತ್ಯುತ್ತಮ ಕಾದಂಬರಿ ಅಂತ ಬಹಳ ಜನ ಹೇಳುತ್ತಾರೆ. ನಾನೂ ಹೇಳುತ್ತೇನೆ. ಹೆಸರು 'ತಾಯ್ತನದ ಸಂತಸಗಳು'. ಅದರ ನಾಯಕಿ ನ್ನು ಎಗೊ ಮಕ್ಕಳಿಗಾಗಿಯೇ ಬದುಕು ಸವೆಸುತ್ತಾಳೆ. ಕೊನೆಗೆ ರಸ್ತೆ ಬದಿಯಲ್ಲಿ, ಕೈ ಹಿಡಿಯಲು ಒಂದು ಮಗುವೂ ಇಲ್ಲದೆ, ಒಬ್ಬಳೇ ಸಾಯುತ್ತಾಳೆ. ಸತ್ತ ಮೇಲೆ ಮಕ್ಕಳು ಅದ್ದೂರಿಯಾಗಿ ತಿಥಿ ಮಾಡುತ್ತಾರೆ. ಆ ಹೆಸರಿಗೂ ಒಂದು ಹಿನ್ನೆಲೆ ಇದೆ. ನೈಜೀರಿಯಾದ ಇನ್ನೊಬ್ಬ ಲೇಖಕಿ ಫ್ಲೋರಾ ನ್ವಾಪಾ ಅವರ 1966ರ 'ಎಫುರು' ಕಾದಂಬರಿಯ ಕೊನೆಯ ಸಾಲುಗಳಿಂದ ಅದನ್ನು ತೆಗೆದುಕೊಂಡಿದ್ದಾರೆ. ಒಬ್ಬ ಹೆಂಗಸು ನಿಲ್ಲಿಸಿದ ಮಾತನ್ನು ಇನ್ನೊಬ್ಬರು ಅಲ್ಲಿಂದಲೇ ಹಿಡಿದು ಮುಂದೆ ನಡೆಸಿದರು.

ಉಳಿದದ್ದನ್ನು ಬೇಗ ಹೇಳಬಹುದು. 1982ರಲ್ಲಿ ಬಿಯಾಫ್ರಾ ಯುದ್ಧದ, ಅಂದರೆ ನೈಜೀರಿಯಾದ ಅಂತರ್ಯುದ್ಧದ ಮೇಲೆ ಕಾದಂಬರಿ. 1983ರಲ್ಲಿ ಬ್ರಿಟನ್ನಿನ ಇಪ್ಪತ್ತು ಯುವ ಕಾದಂಬರಿಕಾರರ ಪಟ್ಟಿಯಲ್ಲಿ ಹೆಸರು. ಅಷ್ಟರಲ್ಲಿ ಅವರದ್ದೇ ಒಂದು ಪುಟ್ಟ ಪ್ರಕಾಶನ, ಒಗ್ವುಗ್ವು ಅಫೊರ್. ಸ್ತ್ರೀವಾದಿ ಅಂತ ಕರೆದರೆ, ಆಗಲಿ, ಆದರೆ ಇಂಗ್ಲಿಷಿನ ಚಿಕ್ಕ 'ಎಫ್' ಅಕ್ಷರದ ಫೆಮಿನಿಸ್ಟ್ ಅನ್ನುತ್ತಿದ್ದರು. ಆಫ್ರಿಕಾದ ಹೆಣ್ಣಿನ ಕಣ್ಣಿಂದಲೇ ಬರೆಯುತ್ತೇನೆ, ಯುರೋಪಿನ ಹಣೆಪಟ್ಟಿ ಬೇಡ ಅನ್ನುವುದು ಅವರ ನಿಲುವು. 2005ರಲ್ಲಿ ಬ್ರಿಟಿಷ್ ಸರ್ಕಾರದ ಓಬಿಇ ಗೌರವ ಸಿಕ್ಕಿತು. 2010ರಲ್ಲಿ ಪಾರ್ಶ್ವವಾಯು ಹೊಡೆಯಿತು. 2017ರ ಜನವರಿ 25ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 72 ವರ್ಷ.

ಅವರ ಪುಸ್ತಕಗಳನ್ನು ಮತ್ತೆ ಅಚ್ಚಿಗೆ ತರಲು ಒಮೆನಾಲಾ ಪ್ರೆಸ್ ಎಂಬ ಪ್ರಕಾಶನ ಹುಟ್ಟಿತು. ಒಮೆನಾಲಾ ಅಂದರೆ ಇಗ್ಬೊ ಭಾಷೆಯಲ್ಲಿ ಊರ ಪದ್ಧತಿ, ಪರಂಪರೆ. ಶುರು ಮಾಡಿದ್ದು ಮಗ ಸಿಲ್ವೆಸ್ಟರ್. ಅಪ್ಪನ ಹೆಸರೇ ಮಗನಿಗೂ. 1974ರ ಆ ಅರ್ಪಣೆಯಲ್ಲಿ, ಗಲಾಟೆ ಮಾಡುತ್ತಿದ್ದ ಐದು ಮಕ್ಕಳ ಪಟ್ಟಿಯಲ್ಲಿ ಎರಡನೇ ಹೆಸರು ಅವರದ್ದು.